ತಂಡ ಉಂಟು, ಅಂಗಣ ಯಾರದು?

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಚೆಂಡಾಟವೆಂದರೆ ಮೊದಲು ನೆನಪಾಗುವುದು ವಾಲಿಬಾಲ್. ಕಾಲ್ಚೆಂಡಿಗೆ ಬೇಕಾದಷ್ಟು ಸಪಾಟು ನೆಲ ಘಟ್ಟದ ಮೇಲೆ ಸುಲಭವಾಗಿ ದೊರೆಯುವ ವಸ್ತುವಲ್ಲ. ಇದ್ದಲ್ಲಿ ಗದ್ದೆಯೋ ತೋಟವೋ ಆಗಿರುತ್ತದೆ. ಇಂಥ ಊರಿನಿಂದ ಬೆಂಗಳೂರಿಗೆ ನೌಕರಿಗೆಂದು ಹೋದ ಹುಡುಗನು ದೀಪಾವಳಿಗೆ ನೀಲಿ ಅಂಗಿ ತೊಟ್ಟು ಬಂದನೆಂದರೆ, ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕುಳಿತ ಅಜ್ಜನು “ಇದೆಂತದೋ ತಮಾ?” ಎಂದು ಕೇಳದಿರಲಾರನು. ಅದು ಬೆಂಗಳೂರು ಎಫ್.ಸಿ. ತಂಡದ ಅಂಗಿ. ಹುಡುಗನು 2013ರಿಂದೀಚಿನ ಕಥೆಯನ್ನು ಉತ್ಸಾಹದಿಂದ ಹೇಳಿಯಾನು. ಅದಕ್ಕೂ ಹಿಂದಿನದು ಇನ್ನೂ ದೊಡ್ಡ ಕಥೆ. ಅದು ಅವನಿಗೂ ತಿಳಿದಿರುವುದು ಅಪರೂಪ.

ಬೆಂಗಳೂರಿಗೆ ಈ ಆಟವನ್ನು ತಂದವರು ದಂಡು ಪ್ರದೇಶದ ಆಂಗ್ಲ ಸಿಪಾಯಿಗಳು. ಅವರು ಬೂಟು ತೊಟ್ಟು ಆಡಿದ್ದನ್ನು ಸುತ್ತಲಿನ ಕೇರಿಗಳ ಹುಡುಗರು ಬರಿಗಾಲಿನಲ್ಲಿ ಕಲಿತರು. ಕಲಿತು ಗುರುಗಳನ್ನೇ ಮೀರಿಸಿದರು. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾದ ಮೇಲೆ ದೀರ್ಘಕಾಲ ಅದು ಬ್ರಿಟಿಷ್ ಪಲ್ಟಣಗಳ ಸೊತ್ತಾಗಿಯೇ ಉಳಿದಿತ್ತು. 1937ರಲ್ಲಿ ಆ ಸಾಲನ್ನು ಮುರಿದ ಪ್ರಥಮ ಭಾರತೀಯ ತಂಡ ಕಲಕತ್ತೆಯದಲ್ಲ, ಬೆಂಗಳೂರು ಮುಸ್ಲಿಮ್ಸ್! ಅಂತಿಮ ಪಂದ್ಯದಲ್ಲಿ ಅದಕ್ಕೆ ಸೋತದ್ದು ಆ ಕಾಲದಲ್ಲಿ ಕಲಕತ್ತಾ ಲೀಗನ್ನು ವರ್ಷವರ್ಷವೂ ಗೆಲ್ಲುತ್ತಿದ್ದ ಮೊಹಮ್ಮದನ್ ಸ್ಪೋರ್ಟಿಂಗ್. ಮರುವರ್ಷವೂ ಕಪ್ ಬೆಂಗಳೂರಿಗೇ ಬಂತು. 1911ರ ಮೋಹನ್ ಬಾಗಾನಿನ ವಿಜಯವನ್ನು ಬಂಗಾಳಿಗಳು ಇಂದಿಗೂ ಮನೆಮಾತಾಗಿ ಉಳಿಸಿಕೊಂಡಿದ್ದಾರೆ. ನಮ್ಮ 1937ನ್ನು ನಾವೇ ಮರೆತಿದ್ದೇವೆ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸಿನಲ್ಲಿ ಭಾರತವು ಫ್ರಾನ್ಸನ್ನು ಎದುರಿಸಿತು. ನಮ್ಮ ಆಟಗಾರರಲ್ಲಿ ಬಹುಮಂದಿ ಬರಿಗಾಲಿನವರು. ಕೆಲವರ ಪಾದಗಳಿಗೆ ಬಟ್ಟೆಯ ಪಟ್ಟಿ ಮಾತ್ರ. ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಆದರೂ ಒಂದು ಗೋಲು ಹಿಂದಿದ್ದ ಭಾರತಕ್ಕೆ ಸಮಬಲ ತಂದುಕೊಟ್ಟವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಭಾರತದ ಮೊತ್ತಮೊದಲ ಗೋಲು ಅದೇ. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಗೆದ್ದವರಿಗಿಂತ ಸೋತವರಿಗೇ ಹೆಚ್ಚು ಚಪ್ಪಾಳೆ ಬಿದ್ದ ಪಂದ್ಯವದು. ಅದೇ ತಂಡದಲ್ಲಿದ್ದ ಅಹಮದ್ ಖಾನರೂ ಧನರಾಜರೂ ಬೆಂಗಳೂರಿನವರು. ತರುವಾಯ ಕಲಕತ್ತೆಯ ಈಸ್ಟ್ ಬೆಂಗಾಲಿನಲ್ಲಿ ‘ಪಂಚ ಪಾಂಡವ’ರೆಂದು ಹೆಸರಾದ ಐವರಲ್ಲಿ ಇಬ್ಬರು. 1956ರಲ್ಲಿ ಮೆಲ್ಬೋರ್ನಿನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೇರಿದಾಗ ತಂಡದಲ್ಲಿ ಕೆಂಪಯ್ಯನವರಿದ್ದರು.

ಹಾಗಾದರೆ ಇವರೆಲ್ಲ ಬೆಳೆದದ್ದು ಯಾವ ಭವ್ಯ ಕ್ರೀಡಾಂಗಣದಲ್ಲಿ? ಯಾವುದರಲ್ಲೂ ಅಲ್ಲ. ಅಲಸೂರು, ಆಸ್ಟಿನ್ ಟೌನ್, ಗೌತಮಪುರಗಳ ಬಯಲುಗಳೇ ಅವರ ಪಾಠಶಾಲೆ. ಹೊಟ್ಟೆಗೆ ಹಿಟ್ಟು ಕೊಟ್ಟದ್ದು ಕಾರ್ಖಾನೆ: ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಸಂಸ್ಥೆಗಳು ಚೆನ್ನಾಗಿ ಆಡುವ ಹುಡುಗನಿಗೆ ಕೆಲಸ ಕೊಡುತ್ತಿದ್ದವು. ಆಟ ನಿಂತ ಮೇಲೂ ಸಂಬಳ ನಿಲ್ಲುತ್ತಿರಲಿಲ್ಲ. ತಾಯಿತಂದೆಗಳು ಮಗನನ್ನು ಮೈದಾನಕ್ಕೆ ಬಿಡಲು ಇದಕ್ಕಿಂತ ಬೇರೆ ಭರವಸೆ ಬೇಕೆ? ಮೈಸೂರು ತಂಡವು 1946-47, 1952-53, 1967-68, 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದುದರ ಗುಟ್ಟು ಬಹುಮಟ್ಟಿಗೆ ಇಲ್ಲಿದೆ. ನಾಲ್ಕು ಸಲವೂ ಸೋತದ್ದು ಬಂಗಾಳ ಎಂಬುದನ್ನು ಗಮನಿಸಬೇಕು.

ಆಟಕ್ಕೆಂದೇ ಮೀಸಲಾದ ಅಂಗಣ ನಗರಕ್ಕೆ ದೊರೆತದ್ದು ಅಶೋಕನಗರದಲ್ಲಿ. ಸುಮಾರು 8,000 ಮಂದಿ ಹಿಡಿಸುವ, ಪ್ರೇಕ್ಷಕನ ಉಸಿರು ಆಟಗಾರನಿಗೆ ತಾಗುವಷ್ಟು ಸಮೀಪದ ಅಂಗಣ ಅದು. 2013ರ ಸೆಪ್ಟೆಂಬರ್ 22ರಂದು ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್.ಸಿ. ತನ್ನ ಮೊದಲ ಪಂದ್ಯವನ್ನು ಅಲ್ಲಿಯೇ ಆಡಿ ಮೋಹನ್ ಬಾಗಾನಿನೊಡನೆ 1-1ರ ಸಮ ಸಾಧಿಸಿತು. ಹಾಸಿದ್ದು ಕೃತಕ ಹುಲ್ಲು, ಕೂರಲು ಕಾಂಕ್ರೀಟು ಮೆಟ್ಟಿಲು. ಆದರೇನು, ಪಶ್ಚಿಮದ ಕಟ್ಟೆಯಲ್ಲಿ ನೆರೆದ ತರುಣರು ಪಂದ್ಯ ಮುಗಿಯುವವರೆಗೂ ಹಾಡುತ್ತಿದ್ದರು. ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅವರ ಕೂಟದ ಹೆಸರು ಆ ಕಟ್ಟೆಯಿಂದಲೇ ಬಂದದ್ದು. ಮೊದಲ ವರ್ಷವೇ, 2014ರ ಏಪ್ರಿಲಿನಲ್ಲಿ, ತಂಡ ಐ-ಲೀಗ್ ಗೆದ್ದಿತು.

ಮರುವರ್ಷ ತಂಡವು ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಹೋಯಿತು. ಹೆಚ್ಚು ಆಸನ, ನಿಜವಾದ ಹುಲ್ಲು. 2016ರ ಅಕ್ಟೋಬರಿನಲ್ಲಿ ಮಲೇಷ್ಯದ ಜೊಹೊರ್ ತಂಡವನ್ನು ಸುನೀಲ್ ಛೇತ್ರಿಯ ಎರಡು ಗೋಲುಗಳ ಬಲದಿಂದ ಅಲ್ಲಿಯೇ 3-1ರಿಂದ ಸೋಲಿಸಿ, ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೇರಿದ ಪ್ರಥಮ ಭಾರತೀಯ ತಂಡವಾಯಿತು. ದೋಹಾದಲ್ಲಿ ಇರಾಕಿನ ತಂಡದೆದುರು ಒಂದೇ ಗೋಲಿನಿಂದ ಸೋತಿತು. 2019ರ ಮಾರ್ಚಿನಲ್ಲಿ ಗೋವೆಯನ್ನು ಹೆಚ್ಚುವರಿ ಸಮಯದಲ್ಲಿ ಮಣಿಸಿ ಇಂಡಿಯನ್ ಸೂಪರ್ ಲೀಗ್ ಗೆದ್ದುಕೊಂಡಿತು.

ಆದರೆ ಕಂಠೀರವವು ಕಾಲ್ಚೆಂಡಿಗಾಗಿ ಕಟ್ಟಿದ ಮನೆಯಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಸಿದ್ಧವಾದ ಅದರ ಒಡಲು ಓಟದ ಪಥ. ನಸುಕಿನಲ್ಲಿ ಅಲ್ಲಿ ಅಭ್ಯಾಸಕ್ಕೆ ಬರುವ ಓಟಗಾರರಿಗೆ, ಎಸೆತಗಾರರಿಗೆ ಅದೇ ಏಕೈಕ ಆಸರೆ. ಪಂದ್ಯವಿದ್ದ ದಿನ ತಮ್ಮನ್ನು ಹೊರಗಿಡುತ್ತಾರೆ, ಈಟಿ, ಗುಂಡುಗಳ ಎಸೆತಕ್ಕೆ ಎಡೆಯಿಲ್ಲವಾಗುತ್ತದೆ ಎಂಬ ಅವರ ದೂರು ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಅವರದು ಅನ್ಯಾಯದ ಮಾತೆನ್ನಲಾಗದು. ಕಾಲ್ಚೆಂಡಿನ ಪ್ರೇಕ್ಷಕನಿಗೂ ಸುಖವಿಲ್ಲ. ಪಥದ ಆಚೆ, ದೂರದಲ್ಲಿ ಕುಳಿತು ನೋಡಬೇಕು. ಒಂದೇ ಅಂಗಳದಲ್ಲಿ ಎರಡು ಬಿಡಾರ ಹೂಡಿಸಿ, ಜಗಳವಾಯಿತೆಂದು ಇಬ್ಬರನ್ನೂ ಬಯ್ಯುವುದು ಎಲ್ಲಿಯ ವಿವೇಕ? ಇಷ್ಟು ಒಲಿಂಪಿಯನ್ನರನ್ನು ಕೊಟ್ಟ ನಗರ ತನ್ನ ಮುಖ್ಯ ತಂಡಕ್ಕೆ ಸ್ವಂತದ ದೊಡ್ಡ ಅಂಗಣವೊಂದನ್ನು ಕಟ್ಟಿಕೊಡಲಿಲ್ಲವೆಂಬುದೇ ನಿಜವಾದ ಸೋಜಿಗ.

ಈ ನಡುವೆ ಕಾರ್ಖಾನೆಗಳ ತಂಡಗಳು ಒಂದೊಂದಾಗಿ ಸೊರಗಿದವು. ರಾಜ್ಯಕ್ಕೆ ಸಂತೋಷ್ ಟ್ರೋಫಿ ಮರಳಿ ದೊರೆಯಲು 54 ವರ್ಷ ಬೇಕಾಯಿತು: 2023ರ ಮಾರ್ಚ್ 4ರಂದು, ಮೇಘಾಲಯವನ್ನು 3-2ರಿಂದ ಸೋಲಿಸಿ. ಆ ಪಂದ್ಯ ನಡೆದದ್ದು ಸೌದಿ ಅರೇಬಿಯದ ರಿಯಾದಿನಲ್ಲಿ.

ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾರ ವಿಗ್ರಹಗಳ ಜೊತೆಗೆ ಬ್ರೆಜಿಲಿನ ಪೆಲೆಯದೂ ಒಂದಿದೆ. ಬೆಂಗಳೂರಿಗೆ ಹೋದ ಶಿರಸಿಯ ತಮ್ಮಂದಿರು ಒಂದು ಭಾನುವಾರ ಪಂದ್ಯದ ಟಿಕೇಟು ಸಿಗದಿದ್ದರೆ ಅತ್ತ ಹೋಗಿ ನೋಡಬಹುದು.