ಐವತ್ತು ರೂಪಾಯಿಗೆ ಸಿಕ್ಕ ಅಜ್ಜಿಯ ದನಿ

‘ಅಂಗಡಿ ಖಾಲಿ ಮಾಡ್ತಿದೀನಿ ಕಣಮ್ಮ. ನಿಂದೊಂದು ಕ್ಯಾಸೆಟ್ಟು ನನ್ನ ಹತ್ರಾನೇ ಉಳಿದಿದೆ. ಬಂದು ತಗೊಂಡು ಹೋಗು.’

ಬೆಂಗಳೂರಿನ ಪಿ.ಜಿ.ಯಲ್ಲಿ ಎಫ್‌ಡಿಎ ಪರೀಕ್ಷೆಯ ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತಾ ಕೂತಿದ್ದಾಗ ಬಂದ ಫೋನು ಅದು. ಮಾತಾಡುತ್ತಿದ್ದವರು ಸಕಲೇಶಪುರ ಪೇಟೆಯ ಕ್ಯಾಸೆಟ್ ಅಂಗಡಿಯವರು. ಆ ಕ್ಯಾಸೆಟ್ಟನ್ನು ಅವರ ಕೈಗೆ ಕೊಟ್ಟು ಆಗಲೇ ನಾಲ್ಕು ವರ್ಷ ಕಳೆದಿತ್ತು. ನಾನು ಮರೆತೇಬಿಟ್ಟಿದ್ದೆ.

ನಮ್ಮೂರು ಆಲೂರು ತಾಲ್ಲೂಕಿನ ಪಾಳ್ಯದ ಹತ್ತಿರ. ಚಿಕ್ಕವಳಿದ್ದಾಗ ಅಪ್ಪ ಕಾಫಿ, ಮೆಣಸು ಮಾರಲು ಸಕಲೇಶಪುರಕ್ಕೆ ಹೊರಟರೆ ನಾನೂ ಹಟ ಮಾಡಿ ಬಸ್ಸು ಹತ್ತುತ್ತಿದ್ದೆ. ಬಾಳ್ಳುಪೇಟೆ ದಾಟುವಷ್ಟರಲ್ಲೇ ಆ ಅಂಗಡಿಯ ಕನಸು ಶುರು. ನಾಲ್ಕು ಜನ ನಿಂತರೆ ತುಂಬಿಹೋಗುವಷ್ಟು ಜಾಗ. ಗೋಡೆ ತುಂಬಾ ರಾಜ್‌ಕುಮಾರ್ ಭಕ್ತಿಗೀತೆ, ಸಿ. ಅಶ್ವತ್ಥ್ ಭಾವಗೀತೆ, ಎಸ್ಟೇಟಿನ ಕೂಲಿಯವರು ಕೇಳಿ ಒಯ್ಯುತ್ತಿದ್ದ ತಮಿಳು, ತುಳು ಹಾಡು. ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಯೂ ಕೊಡುತ್ತಿದ್ದರು. ಅದು ಸರಿಯೋ ತಪ್ಪೋ ಎಂದು ಆಗ ಯಾರೂ ಕೇಳುತ್ತಿರಲಿಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ಮೂವತ್ತು ನಿಮಿಷ. ಕೊನೆಯಲ್ಲಿ ಎರಡು–ಮೂರು ನಿಮಿಷ ಉಳಿದರೆ ನಾವು ಕೇಳದ ಹಾಡೊಂದನ್ನು ಅವರೇ ಸೇರಿಸುತ್ತಿದ್ದರು. ನನಗೆ ಭಾವಗೀತೆಯ ಹುಚ್ಚು ಹತ್ತಿದ್ದು ಹಾಗೆ ಬಂದ ಒಂದು ಹಾಡಿನಿಂದ.

ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದದ್ದು 1963ರಲ್ಲಿ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ‘ನಿತ್ಯೋತ್ಸವ’ ಬಂದದ್ದು 1978ರಲ್ಲಿ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ್ದರು. ಗ್ರಾಮಫೋನ್ ಪ್ಲೇಟು ಕೊಳ್ಳಲಾಗದ ಮನೆಗೂ ಕ್ಯಾಸೆಟ್ ಹೊಕ್ಕಿತು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ನಮ್ಮ ಕಡೆ ನಾಲ್ಕು ಸೆಲ್ ಹಾಕಿದರೆ ಸಾಕು, ಹಾಡು ಕೇಳಬಹುದಿತ್ತು. ಅದಕ್ಕಿಂತ ದೊಡ್ಡ ವಿಷಯವೆಂದರೆ ಟೇಪ್‌ರೆಕಾರ್ಡರಿನಲ್ಲೊಂದು ಕೆಂಪು ಗುಂಡಿ ಇತ್ತು. ಅದನ್ನು ಒತ್ತಿದರೆ ನಮ್ಮ ಮನೆಯವರ ದನಿಯೂ ದಾಖಲಾಗುತ್ತಿತ್ತು.

ನಮ್ಮಪ್ಪ ಅದನ್ನು ಒತ್ತಿದ್ದು ಅತ್ತೆಯ ಮದುವೆಯ ಹಿಂದಿನ ರಾತ್ರಿ. ಚಪ್ಪರದ ಕೆಳಗೆ ಅಜ್ಜಿ ಮತ್ತು ಓರಗೆಯ ಹೆಂಗಸರು ಸೋಬಾನೆ ಪದ ಹೇಳಿದ್ದರು. ಆ ಕ್ಯಾಸೆಟ್ಟಿಗೆ ಬೂಸ್ಟು ಹಿಡಿದಿತ್ತು. ಮಲೆನಾಡಿನ ಮಳೆ ಬಟ್ಟೆಯನ್ನೂ ಬಿಡುವುದಿಲ್ಲ, ಟೇಪನ್ನೂ ಬಿಡುವುದಿಲ್ಲ. ಬಿಳಿ ಪುಡಿ ಕೂತ ಟೇಪನ್ನು ಹಾಗೆಯೇ ಹಾಕಿದರೆ ಸುರುಳಿ ಅಂಟಿಕೊಂಡು ಹರಿಯಬಹುದು. ಡಿಗ್ರಿ ಕೊನೆಯ ವರ್ಷದಲ್ಲಿ ನಾನದನ್ನು ಅಂಗಡಿಗೆ ಕೊಟ್ಟು, ‘ಸರಿ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಡಿ’ ಎಂದಿದ್ದೆ. ಆಮೇಲೆ ಪರೀಕ್ಷೆ, ಕೋಚಿಂಗ್, ಬೆಂಗಳೂರು. ಅಜ್ಜಿ ತೀರಿಕೊಂಡಾಗಲೂ ಅದು ನೆನಪಾಗಲಿಲ್ಲ.

ಫೋನು ಬಂದ ವಾರವೇ ಹೋದೆ. ಗೋಡೆಗಳು ಬೋಳಾಗಿದ್ದವು. ರಟ್ಟಿನ ಡಬ್ಬಗಳ ನಡುವೆ ಅವರು ಕೂತಿದ್ದರು. ಕ್ಯಾಸೆಟ್ ಹೋಗಿ ಸಿ.ಡಿ. ಬಂದಾಗ ಅವರು ಸಿ.ಡಿ. ಮಾರಿದ್ದರು. ಮೊಬೈಲು ಬಂದಾಗ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿದ್ದರು. 2016ರಲ್ಲಿ ಜಿಯೊ ಬಂದ ಮೇಲೆ ಅದೂ ನಿಂತಿತು. ಎಲ್ಲರ ಜೇಬಿನಲ್ಲೂ ಎಲ್ಲ ಹಾಡೂ ಇರುವಾಗ ಅಂಗಡಿಗೆ ಯಾರು ಬರುತ್ತಾರೆ? ಬಾಡಿಗೆ ಮಾತ್ರ ಏರುತ್ತಲೇ ಇತ್ತು.

‘ಅಯ್ಯೋ, ಮುಚ್ಚಬೇಡಿ’ ಎಂದುಬಿಟ್ಟೆ. ಅವರು ನಕ್ಕು, ‘ನೀನು ಕೊನೇ ಸಲ ಏನು ತಗೊಂಡೆ?’ ಎಂದು ಕೇಳಿದರು. ಬೈದದ್ದಲ್ಲ, ಸುಮ್ಮನೆ ಕೇಳಿದ್ದು. ನನಗೆ ಉತ್ತರ ಹೊಳೆಯಲಿಲ್ಲ. ಕಾಲೇಜಿನ ಮೂರು ವರ್ಷವೂ ಮಳೆ ಬಂದಾಗಲೆಲ್ಲ ಅಲ್ಲೇ ನಿಂತಿದ್ದೆ. ಹರಟೆ ಹೊಡೆದಿದ್ದೆ, ಹೊಸ ಹಾಡಿನ ಹೆಸರು ಕೇಳಿಕೊಂಡು ಹೋಗಿ ಮೊಬೈಲಿನಲ್ಲಿ ಪುಕ್ಕಟೆ ಕೇಳಿದ್ದೆ.

ಮುಂಬೈನ ಕಾಲಾ ಘೋಡಾದಲ್ಲಿದ್ದ ‘ರಿದಮ್ ಹೌಸ್’ 2016ರಲ್ಲಿ ಮುಚ್ಚಿತು. ಬೆಂಗಳೂರಿನ ‘ಪ್ರೀಮಿಯರ್ ಬುಕ್‌ಶಾಪ್’ 2009ರಲ್ಲೇ ಬಾಗಿಲು ಹಾಕಿತ್ತು. ಅವು ಮುಚ್ಚಿದಾಗ ಮರುಗಿದವರು ಬಹಳ ಮಂದಿ. ಪತ್ರಿಕೆಗಳೂ ಬರೆದವು. ಸಕಲೇಶಪುರದ ಈ ಅಂಗಡಿ ಮುಚ್ಚುವ ದಿನ ಅಲ್ಲಿದ್ದದ್ದು ನಾನು ಮತ್ತು ಡಬ್ಬ ಹೊರಲು ಬಂದಿದ್ದ ಇಬ್ಬರು ಹುಡುಗರು.

ಅವರು ಕ್ಯಾಸೆಟ್ ಮತ್ತು ಪೆನ್‌ಡ್ರೈವ್ ಕೈಗಿಟ್ಟರು. ಐದು ತಿರುಪು ಬಿಚ್ಚಿ, ಟೇಪನ್ನು ಒಣಗಿಸಿ, ಇಂಚಿಂಚೂ ಹತ್ತಿಯಲ್ಲಿ ಒರೆಸಿ, ಬೇರೆ ಹೊಸ ಚಿಪ್ಪಿಗೆ ಹಾಕಿದ್ದರಂತೆ. ನಕಲು ಮಾಡುವುದಕ್ಕೂ ಅವಸರ ಸಲ್ಲದು. ಒಂದು ಗಂಟೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಲು ಒಂದು ಗಂಟೆ ಪೂರ್ತಿ ಓಡಿಸಬೇಕು. ಈ ಕೆಲಸ ನಾಲ್ಕು ವರ್ಷದ ಹಿಂದೆಯೇ ಮುಗಿದಿತ್ತು. ಐನೂರರ ನೋಟು ಕೊಟ್ಟೆ. ಅವರು ಚೀಟಿ ನೋಡಿ, ‘ಐವತ್ತು ಅಂತ ಮಾತಾಗಿತ್ತು’ ಎಂದು ನಾನೂರೈವತ್ತು ಎಣಿಸಿ ಕೊಟ್ಟರು. ಹೆಚ್ಚು ಒತ್ತಾಯಿಸುವ ಧೈರ್ಯ ನನಗಾಗಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಮೊಬೈಲಿಗೆ ಇಯರ್‌ಫೋನ್ ಸಿಕ್ಕಿಸಿ ಕೇಳಿದೆ. ಮೊದಲು ಹೆಂಚಿನ ಮೇಲೆ ಮಳೆ. ಯಾವುದೋ ಮಗುವಿನ ಅಳು. ಅಪ್ಪನ ‘ಹೂಂ, ಹೇಳವ್ವ’. ಆಮೇಲೆ ಅಜ್ಜಿ. ಪಾಳ್ಯ ಬಂದದ್ದೇ ಗೊತ್ತಾಗದೆ ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ನಡೆದೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಕ್ಯಾಸೆಟ್ ಇರಬಹುದು. ಬೂಸ್ಟು ಕಂಡರೆ ಹಾಕಿ ನೋಡಲು ಹೋಗಬೇಡಿ. ಟೇಪ್ ರಿಪೇರಿ ಬಲ್ಲವರು ಹತ್ತಿರದ ಪೇಟೆಯಲ್ಲಿ ಇನ್ನೂ ಒಬ್ಬರಾದರೂ ಇದ್ದಾರೆಯೇ ಎಂದು ಈ ಭಾನುವಾರವೇ ವಿಚಾರಿಸಿ. ಕೊಟ್ಟಮೇಲೆ ನನ್ನ ಹಾಗೆ ಮರೆಯಬೇಡಿ.

ಹಬ್ಬಕ್ಕೆ ಅತ್ತೆ ಬರುತ್ತಿದ್ದಾರೆ. ತಮ್ಮ ಮದುವೆಯ ಸೋಬಾನೆಯನ್ನು ಅವರು ಮತ್ತೆ ಕೇಳಿಯೇ ಇಲ್ಲ. ಅವರಿಗೆ ಇನ್ನೂ ಹೇಳಿಲ್ಲ.