ಅಂಗಡಿಯ ಹೆಸರೂ ಅಂತರಜಾಲದ ವಿಳಾಸವೂ

೨೦೨೧ನೆಯ ಇಸವಿ ಅಕ್ಟೋಬರ್ ೪ರಂದು, ನಮ್ಮ ಗಡಿಯಾರದ ಪ್ರಕಾರ ರಾತ್ರಿ ಸುಮಾರು ಒಂಬತ್ತು ಗಂಟೆಗೆ, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಜಗತ್ತಿನಾದ್ಯಂತ ಒಮ್ಮೆಗೇ ಮೂಕವಾದುವು. ಅವು ಮತ್ತೆ ಬಾಯಿ ತೆರೆಯಲು ಸುಮಾರು ಆರು ಗಂಟೆಗಳು ಹಿಡಿದುವು. ಹರಟೆ ತಪ್ಪಿದವರಿಗೆ ಇದೇನೂ ದೊಡ್ಡ ನಷ್ಟವಲ್ಲ. ಆದರೆ ಸೀರೆಯನ್ನೋ ಉಪ್ಪಿನಕಾಯಿಯನ್ನೋ ಮಾರುತ್ತ, ಗಿರಾಕಿಗಳ ಬೇಡಿಕೆಯನ್ನೆಲ್ಲ ಈ ತಾಣಗಳಿಂದಲೇ ಪಡೆಯುವ ಸಣ್ಣ ವ್ಯಾಪಾರಿಗೆ ಅದು ಅಂಗಡಿಯ ಬಾಗಿಲು ಮುಚ್ಚಿದಂತೆಯೇ ಸರಿ. ಸರಕು ಕಪಾಟಿನಲ್ಲಿದ್ದರೇನು, ಗಿರಾಕಿಗೆ ದಾರಿಯೇ ಕಾಣದು!

ಈ ದಾರಿ ಹೇಗೆ ಮರೆಯಾಯಿತೆಂಬುದನ್ನು ತಿಳಿಯಲು ಅಂತರಜಾಲದಲ್ಲಿ ಹೆಸರುಗಳ ವ್ಯವಹಾರ ನಡೆಯುವ ಕ್ರಮವನ್ನು ನೋಡಬೇಕು. ಗಣಕಯಂತ್ರಗಳು ಒಂದನ್ನೊಂದು ಗುರುತಿಸುವುದು ಸಂಖ್ಯೆಗಳಿಂದ. ೦ಯಿಂದ ೨೫೫ರವರೆಗಿನ ನಾಲ್ಕು ಸಂಖ್ಯೆಗಳ ಜೋಡಣೆಯೇ ಒಂದು ವಿಳಾಸ. (ಈ ಕ್ರಮದಲ್ಲಿ ಸುಮಾರು ೪೨೯ ಕೋಟಿ ವಿಳಾಸಗಳಷ್ಟೇ ಸಾಧ್ಯ, ಅವು ಸಾಲದೆ ಈಗ ಇನ್ನೂ ಉದ್ದವಾದವು ಬಳಕೆಗೆ ಬಂದಿವೆ.) ಮನುಷ್ಯನಿಗೆ ನೆನಪಿರುವುದು ಹೆಸರು. ಮೊದಮೊದಲು ಹೆಸರು, ಸಂಖ್ಯೆಗಳ ಪಟ್ಟಿಯೆಲ್ಲ ಒಂದೇ ಕಡತದಲ್ಲಿತ್ತು. ಅದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ತಿದ್ದುತ್ತಿದ್ದರು. ಉಳಿದವರು ನಕಲು ಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಈ ಏರ್ಪಾಡು ಸಾಲದಾಯಿತು. ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ, ಪಟ್ಟಿಯನ್ನು ಹಲವು ಕೈಗಳಿಗೆ ಹಂಚುವ ಡೊಮೈನ್ ಹೆಸರುಗಳ ವ್ಯವಸ್ಥೆಯನ್ನು ರೂಪಿಸಿದರು.

ಅಂಚೆಯವರು ಕಾಗದದ ವಿಳಾಸವನ್ನು ಕೆಳಗಿನ ಸಾಲಿನಿಂದ ಓದುವಂತೆ ಇಲ್ಲಿ ಹೆಸರನ್ನು ಬಲತುದಿಯಿಂದ ಓದಲಾಗುತ್ತದೆ. ಅಂಗಡಿಯೊಂದರ ಹೆಸರು 'ಡಾಟ್ ಇನ್' ಎಂದು ಮುಗಿದರೆ, 'ಇನ್' ಪಟ್ಟಿ ಎಲ್ಲಿದೆಯೆಂದು ಮೂಲ ಪಟ್ಟಿಯನ್ನು ಕೇಳಬೇಕು. ಅಂಗಡಿಯ ವಿವರ ಯಾರ ಬಳಿಯಿದೆಯೆಂದು 'ಇನ್' ಪಟ್ಟಿ ತಿಳಿಸುತ್ತದೆ. ಕೊನೆಗೆ ಅವರು ಸಂಖ್ಯೆಯನ್ನು ಕೊಡುತ್ತಾರೆ. ಇಷ್ಟೆಲ್ಲ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಒಮ್ಮೆ ದೊರೆತ ಉತ್ತರವನ್ನು ದಾರಿಯ ಯಂತ್ರಗಳು ಕೆಲಕಾಲ ನೆನಪಿಟ್ಟುಕೊಳ್ಳುತ್ತವೆ. ಆ ಅವಧಿಯನ್ನು ಗೊತ್ತುಮಾಡುವವನು ಹೆಸರಿನ ಒಡೆಯನೇ. ಅದು ೩೬೦೦ ಸೆಕೆಂಡುಗಳಿದ್ದರೆ, ಜಾಲತಾಣವನ್ನು ಬೇರೆ ಯಂತ್ರಕ್ಕೆ ಸಾಗಿಸಿದ ಮೇಲೂ ಒಂದು ಗಂಟೆಯವರೆಗೆ ಕೆಲವು ಗಿರಾಕಿಗಳು ಹಳೆಯ ಮನೆಯ ಕದ ತಟ್ಟುತ್ತಿರುವರು. ಬಲ್ಲವರು ಹಿಂದಿನ ದಿನವೇ ಅವಧಿಯನ್ನು ೩೦೦ಕ್ಕೆ ಇಳಿಸಿರುತ್ತಾರೆ.

ಆ ಅಕ್ಟೋಬರ್ ರಾತ್ರಿ ಫೇಸ್‌ಬುಕ್ಕಿನ ಯಂತ್ರಗಳು ಕೆಟ್ಟಿರಲಿಲ್ಲ. ದುರಸ್ತಿಯ ವೇಳೆ ಕೊಟ್ಟ ಒಂದು ಆಜ್ಞೆಯಿಂದ ಸಂಸ್ಥೆಯ ದತ್ತಾಂಶ ಕೇಂದ್ರಗಳನ್ನು ಜೋಡಿಸುವ ಬೆನ್ನೆಲುಬಿನ ಜಾಲವೇ ಕಡಿದುಹೋಯಿತು. ಇಂಥ ಆಜ್ಞೆಯನ್ನು ತಡೆಯಬೇಕಾಗಿದ್ದ ತಪಾಸಣಾ ಸಾಧನದಲ್ಲೂ ದೋಷವಿತ್ತು. ಕೇಂದ್ರಗಳ ಸಂಪರ್ಕ ತಪ್ಪಿದಾಗ, ವಿಳಾಸ ಹೇಳುವ ಯಂತ್ರಗಳು ತಾವೇ ರೋಗಗ್ರಸ್ತವೆಂದು ಭಾವಿಸಿ ತಮ್ಮೆಡೆಗಿನ ದಾರಿಯ ಘೋಷಣೆಯನ್ನು ಹಿಂತೆಗೆದುಕೊಂಡುವು. ಎಚ್ಚರಿಕೆಗೆಂದು ಮಾಡಿದ್ದ ಏರ್ಪಾಡೇ ಹೀಗೆ ಮುಳುವಾಯಿತು.

ವ್ಯಾಪಾರಿಗೆ ಇದರಲ್ಲಿರುವ ಮುಖ್ಯ ಸಂಗತಿ ಬೇರೆ. ಸ್ವಂತ ಹೆಸರನ್ನು ನೋಂದಾಯಿಸಿಕೊಂಡವನು, ಒಂದು ಯಂತ್ರ ಕೈಕೊಟ್ಟರೆ ಅದೇ ಹೆಸರನ್ನು ಇನ್ನೊಂದಕ್ಕೆ ತಿರುಗಿಸಬಲ್ಲ. ಸಾಮಾಜಿಕ ತಾಣದ ಪುಟಕ್ಕೆ ಈ ಸೌಲಭ್ಯವಿಲ್ಲ; ವಿಳಾಸದ ಒಡೆತನ ಆ ಸಂಸ್ಥೆಯದು. ಆರ್ಕುಟ್ ೨೦೧೪ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಸಾರ್ವಜನಿಕರ ಪಾಲಿಗೆ ಗೂಗಲ್ ಪ್ಲಸ್ ೨೦೧೯ರ ಏಪ್ರಿಲ್‌ನಲ್ಲಿ ಮುಗಿಯಿತು. ಟಿಕ್‌ಟಾಕ್ ಅನ್ನು ೨೦೨೦ರ ಜೂನ್‌ನಲ್ಲಿ ಭಾರತ ಸರ್ಕಾರ ನಿಷೇಧಿಸಿತು. ಅಲ್ಲಿ ನೆರೆದಿದ್ದ ಗಿರಾಕಿಗಳನ್ನು ಕರೆದೊಯ್ಯಲು ವ್ಯಾಪಾರಿಗಳಿಗೆ ಬೇರೆ ಊರಿನ ವಿಳಾಸವೇ ಇರಲಿಲ್ಲವಾದರೆ ಗತಿಯೇನು? ಹಾಗೆಂದು ಈ ತಾಣಗಳನ್ನು ಬಿಡಬೇಕೆಂದಲ್ಲ. ಜಾತ್ರೆಗೆ ಜನ ಸೇರುವಾಗ ಅಲ್ಲೊಂದು ಮಳಿಗೆ ಹಾಕದವನು ದಡ್ಡನೇ. ಮಳಿಗೆಯ ಮುಂದೆ ಊರಿನ ಅಂಗಡಿಯ ವಿಳಾಸವಿರುವ ಹಲಗೆಯೂ ತೂಗಬೇಕು, ಅಷ್ಟೆ.

ನಿಮ್ಮಲ್ಲಿ ಕೆಲವರು ಸೋದರಮಾವನ ಅಂಗಡಿಗೆ ಜಾಲತಾಣ ಕಟ್ಟಿಕೊಡುವವರಿರಬಹುದು. ಹೆಸರನ್ನು ನಿಮ್ಮ ಹೆಸರಿನಲ್ಲಿ ನೋಂದಾಯಿಸದೆ ಮಾವನ ಹೆಸರಿನಲ್ಲೇ, ಅವರ ಮಿಂಚಂಚೆಯ ವಿಳಾಸದಿಂದಲೇ ಮಾಡಿಸಿರಿ. ಅದು ಖರೀದಿಯಲ್ಲ, ಗುತ್ತಿಗೆ. ಶುಲ್ಕ ಕಟ್ಟಿ ನವೀಕರಿಸದಿದ್ದರೆ ಕೆಲಕಾಲದ ಅನಂತರ ಬೇರೆ ಯಾರಾದರೂ ಅದನ್ನು ಪಡೆಯಬಹುದು. ಗಿರಾಕಿಗಳ ಅನುಮತಿ ಪಡೆದು ಅವರ ದೂರವಾಣಿ ಸಂಖ್ಯೆಗಳನ್ನು ಅಂಗಡಿಯ ಪುಸ್ತಕದಲ್ಲಿಯೂ ಬರೆದಿಡಿ. ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ಎಂದು ಕೊನೆಗೊಳ್ಳುವ ಹೆಸರೂ ದೊರೆಯುತ್ತದೆಂಬುದನ್ನು ಮಾವನಿಗೆ ತಿಳಿಸಿ.