ಮಲೆನಾಡಿನ ಕೀಲುನೋವು: ಏಡಿಯಿಂದ ವಂಶವೃಕ್ಷದವರೆಗೆ

1974–75ರ ಸುಮಾರಿಗೆ ಸಾಗರದ ಬಳಿಯ ಹಂದಿಗೋಡಿನಲ್ಲಿ ಗದ್ದೆಗಿಳಿಯುತ್ತಿದ್ದ ಕೂಲಿಕಾರರು ಸೊಂಟ, ಮಂಡಿ ಹಿಡಿದು ಕೂರತೊಡಗಿದರು. ಕೀಲು ಸವೆದವರು ಕೋಲೂರಿದರು. ಕೆಲವು ಮನೆಗಳಲ್ಲಿ ಮಕ್ಕಳು ಕುಳ್ಳಾಗಿಯೇ ಉಳಿದರು. ಕಾಯಿಲೆಗೆ ಆ ಊರಿನ ಹೆಸರು ಅಂಟಿತು. ನೋವು ಮಾತ್ರ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕೇರಿಗಳಲ್ಲೂ ಇತ್ತು. ನರಳಿದವರು ಬಹುತೇಕ ಚನ್ನಂಗಿ, ಛಲವಾದಿ ಸಮುದಾಯಗಳ ಬಡವರು.

ಮೊದಲ ಗುಮಾನಿ ಗದ್ದೆಯ ಮೇಲೆ. ಭತ್ತಕ್ಕೆ ಹೊಡೆದ ಕೀಟನಾಶಕ ಏಡಿಯ ಮೈ ಸೇರಿತು, ಏಡಿ ತಿಂದವರ ಕೀಲು ಕೆಟ್ಟಿತು ಎಂಬ ವಾದ ಹುಟ್ಟಿತು. ಆದರೆ ನೋವು ಕೆಲವು ಮನೆತನಗಳನ್ನೇ ಹಿಡಿದಿತ್ತು; ವಿಷಕ್ಕೆ ಮನೆತನದ ಗುರುತು ಸಿಗುವುದು ಹೇಗೆ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲೇ ಈ ಕಾಯಿಲೆಯನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆದಿದ್ದರು. ಮುಂದೆ ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ಎಸ್.ಎಸ್. ಅಗರ್ವಾಲ್ ತಂಡ ಎಕ್ಸ್‌ರೇಗಳನ್ನು ಪರಿಶೀಲಿಸಿ, 1994ರಲ್ಲಿ ಇದು ಮೂಳೆಯ ಬೆಳವಣಿಗೆಯದೇ ದೋಷವೆಂದು ವರದಿ ಮಾಡಿತು. ಪ್ರಬಲ ವಂಶವಾಹಿಯಿಂದ ಇಳಿದು ಬರುವಂಥದ್ದು.

ಪ್ರಬಲ ಎಂದರೆ ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಸಾಕು, ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಕೇಳಲು ಸರಳ, ಎಣಿಸಲು ಕಷ್ಟ. ರೋಗಿ ಸಿಕ್ಕ ಮನೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಪ್ರಮಾಣ ಉಬ್ಬುತ್ತದೆ. ಇವತ್ತು ಓಡಾಡಿಕೊಂಡಿರುವ ಹುಡುಗನಿಗೆ ನಾಳೆ ನೋವು ಕಾಣಿಸಿದರೆ ಲೆಕ್ಕ ಕುಗ್ಗಿರುತ್ತದೆ. ವಯಸ್ಸು, ಮನೆ ಆರಿಸಿದ ಬಗೆ ಎರಡನ್ನೂ ತೂಗಿ ನೋಡುವುದಕ್ಕೇ ಸಂಖ್ಯಾಶಾಸ್ತ್ರ ಬೇಕು. ಅಜ್ಜಿಗೆ ಮೊದಲು ನೋವು ಬಂದದ್ದು ಯಾವಾಗ, ಚಿಕ್ಕಪ್ಪ ಹೇಗೆ ನಡೆಯುತ್ತಿದ್ದ ಎಂಬ ನೆನಪೇ ಇಲ್ಲಿ ದತ್ತಾಂಶ. ಈ ವಿಜ್ಞಾನಕ್ಕೆ ಆ ಮನೆಗಳ ಋಣ ದೊಡ್ಡದು ಎಂದೇ ನಾನು ನಂಬಿದ್ದೇನೆ.

ವಂಶವಾಹಿ ಇದೆಯೆಂದಾದ ಮೇಲೆ ಅದು ಎಲ್ಲಿದೆ ಎಂಬ ಪ್ರಶ್ನೆ. ವರ್ಣತಂತುವಿನ ಯಾವ ಗುರುತು ರೋಗದ ಜೊತೆಜೊತೆಗೆ ತಲೆಮಾರು ಇಳಿಯುತ್ತದೆಂದು ಹುಡುಕಬೇಕು. ಇದಕ್ಕೆ ಅಮೆರಿಕದ ನ್ಯೂಟನ್ ಮಾರ್ಟನ್ 1955ರಲ್ಲಿ ಲಾಡ್ ಸ್ಕೋರ್ ಎಂಬ ಅಳತೆ ಕೊಟ್ಟರು. ಆಕಸ್ಮಿಕ ಎನ್ನುವುದಕ್ಕಿಂತ ನಂಟಿದೆ ಎನ್ನುವುದಕ್ಕೆ ಪುರಾವೆ 1000 ಪಟ್ಟು ಬಲವಾಗಿದ್ದರೆ ಅಂಕ 3, ಅಷ್ಟಾದರೆ ಒಪ್ಪಬಹುದು. ಹಂಟಿಂಗ್ಟನ್ ಕಾಯಿಲೆಯ ವಂಶವಾಹಿ 4ನೇ ವರ್ಣತಂತುವಿನಲ್ಲಿದೆ ಎಂದು 1983ರಲ್ಲಿ ತಿಳಿದದ್ದು ಹೀಗೆಯೇ. ಅಲ್ಲಿ ನೆರವಾದದ್ದು ವೆನಿಜುವೆಲಾದ ದೊಡ್ಡ ಕುಟುಂಬಗಳು.

ದಕ್ಷಿಣ ಆಫ್ರಿಕಾದ ಮ್ಸೆಲೆನಿಯಲ್ಲೂ ಹಂದಿಗೋಡಿನಂಥದ್ದೇ ಕೀಲುರೋಗವಿದೆ. ಎರಡೂ ಒಂದೇ ಇರಬಹುದೇ ಎಂದು 1997ರಲ್ಲಿ ಎರಡೂ ದೇಶಗಳ ತಜ್ಞರು ಒಟ್ಟಾಗಿ ಹೋಲಿಸಿ ನೋಡಿದರು.

ಆಗಲೇ ಹೇಳಿದ ಅರ್ಧಕ್ಕರ್ಧದ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ, ಸಂಬಂಧ ಕೂಡಿಸುವಾಗ ಅದನ್ನು ಹೇಳುವವರು ಕಡಿಮೆ: ದೋಷದ ವಂಶವಾಹಿ ಬಾರದ ಅಕ್ಕತಂಗಿ, ಅಣ್ಣತಮ್ಮಂದಿರು ಅದನ್ನು ತಮ್ಮ ಮಕ್ಕಳಿಗೆ ಕೊಡಲಾರರು.